ಡಿಸ್ಲೆಕ್ಸಿಯ: ಓದಿನ ತೊಡಕು ಮತ್ತು ತೆಂಗಿನ ನಾಡಿನ ಮಕ್ಕಳು

ಡಿಸ್ಲೆಕ್ಸಿಯ ಎಂಬುದು, ಬುದ್ಧಿಯಲ್ಲಿ ಕುಂದಿಲ್ಲದೆ, ಕಣ್ಣು ಕಿವಿಗಳಲ್ಲಿ ಊನವಿಲ್ಲದೆ, ಕಲಿಸುವವರಿದ್ದೂ ಶಾಲೆಗೆ ತಪ್ಪದೆ ಹೋಗುತ್ತಿದ್ದೂ, ಬರೆದ ಮಾತನ್ನು ಸರಾಗವಾಗಿ ಓದುವುದರಲ್ಲಿಯೂ ಕೇಳಿದ ಮಾತನ್ನು ತಪ್ಪಿಲ್ಲದೆ ಬರೆಯುವುದರಲ್ಲಿಯೂ ಮಗುವು ತನ್ನ ಓರಗೆಯವರಿಗಿಂತ ಬಹುದೂರ ಹಿಂದುಳಿಯುವಂತೆ ಮಾಡುವ, ಹುಟ್ಟಿನೊಡನೆ ಬಂದ, ಮಿದುಳಿನ ಭಾಷಾವ್ಯಾಪಾರಕ್ಕೆ ಸೇರಿದ ಒಂದು ವೈಲಕ್ಷಣ್ಯ. ಕಷ್ಟವೆಂಬ ಅರ್ಥದ 'ಡಿಸ್', ಪದವೆಂಬ ಅರ್ಥದ 'ಲೆಕ್ಸಿಸ್' ಎಂಬ ಎರಡು ಗ್ರೀಕ್ ಶಬ್ದಗಳು ಕೂಡಿ ಈ ಹೆಸರಾಯಿತು. ಕನ್ನಡದಲ್ಲಿ ಓದಿನ ತೊಡಕು, ಪದಾಂಧತೆ ಎಂದು ಬಗೆಬಗೆಯಾಗಿ ಕರೆದಿರುವುದುಂಟು. ಸರಕಾರದ ಕಾಗದಪತ್ರಗಳಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ' ಎಂಬ ವಿಶಾಲ ವರ್ಗದೊಳಗೆ, ಬರಹದ ತೊಡಕು ಮತ್ತು ಲೆಕ್ಕದ ತೊಡಕುಗಳ ಜೊತೆಯಲ್ಲಿ ಇದು ಅಡಕವಾಗಿದೆ. ತುಮಕೂರು ಸೀಮೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಳ್ಳಿಮನೆಗಳಲ್ಲಿ ಮಾತ್ರ ಈ ಹೆಸರುಗಳು ಕಿವಿಗೆ ಬೀಳುವುದು ಅಪೂರ್ವ. 'ವಿದ್ಯೆ ತಲೆಗೆ ಹತ್ತಲಿಲ್ಲ' ಎಂಬ ಒಂದೇ ಮಾತಿನಲ್ಲಿ ಮಗುವಿನ ವಿಚಾರವೆಲ್ಲವೂ ಅಲ್ಲಿ ಇತ್ಯರ್ಥವಾಗಿಬಿಡುತ್ತದೆ. ಆ ಮಾತಿನಲ್ಲಿ ತಲೆಯ ಮೇಲೆ ಹೊರಿಸಿದ ದೋಷವು ತಲೆಯದಲ್ಲವೆಂಬುದನ್ನು ವೈದ್ಯರೂ ಶಿಕ್ಷಣಜ್ಞರೂ ಕಂಡುಕೊಳ್ಳುವುದಕ್ಕೆ ಬಹುಕಾಲ ಹಿಡಿಯಿತು.

ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ 1877ರಲ್ಲಿ, ಮಿದುಳಿಗೆ ಪೆಟ್ಟು ಬಿದ್ದು ಓದನ್ನು ಕಳೆದುಕೊಂಡ ವಯಸ್ಕರ ಸ್ಥಿತಿಗೆ ಪದಾಂಧತೆ ಎಂಬ ಹೆಸರಿಟ್ಟನು. ಷ್ಟುಟ್‌ಗಾರ್ಟ್ ನಗರದ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ತನ್ನ 1887ರ ಪ್ರಬಂಧದಲ್ಲಿ ಡಿಸ್ಲೆಕ್ಸಿಯ ಎಂಬ ಶಬ್ದವನ್ನು ನೆಲೆಗೊಳಿಸಿದನು. ಇವರ ದೃಷ್ಟಿಯೆಲ್ಲ ವಯಸ್ಕರ ಮೇಲಿತ್ತು. ಪೆಟ್ಟು ಬೀಳದ, ರೋಗ ತಗಲದ ಮಗುವಿನಲ್ಲಿಯೂ ಇದು ಹುಟ್ಟಿನಿಂದಲೇ ಇರಬಹುದೆಂದು ಮೊದಲು ಬರೆದವನು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ವೈದ್ಯ ಪ್ರಿಂಗಲ್ ಮಾರ್ಗನ್. 1896ರ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಅವನು ವರ್ಣಿಸಿದ ಪರ್ಸಿ ಎಂಬ 14 ವರ್ಷದ ಹುಡುಗನು ಚುರುಕು, ಆಟದಲ್ಲಿ ಮುಂದು, ಲೆಕ್ಕದಲ್ಲಿ ಚೆನ್ನ; ಆದರೆ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿ ಬರೆಯುತ್ತಿದ್ದನು. ಪಾಠವೆಲ್ಲ ಬಾಯಿಯಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನಾಗುತ್ತಿದ್ದನೆಂದು ಅವನ ಉಪಾಧ್ಯಾಯರು ಹೇಳಿದುದನ್ನೂ ಮಾರ್ಗನ್ ದಾಖಲಿಸಿದ್ದಾನೆ. ಡಿಸ್ಲೆಕ್ಸಿಯದ ವಿಷಯದಲ್ಲಿ ಮುಂದೆ ಹುಟ್ಟಿದ ಎಲ್ಲ ಚರ್ಚೆಗೂ, ಅದು ಕೊರತೆಯೋ ವರವೋ ಎಂಬ ಇಂದಿನ ವಾದಕ್ಕೂ ಸಹ, ಬೀಜವು ಆ ಉಪಾಧ್ಯಾಯರ ಒಂದು ಮಾತಿನಲ್ಲಿದೆ. ಬಳಿಕ ಗ್ಲಾಸ್ಗೋದ ನೇತ್ರವೈದ್ಯ ಹಿನ್ಷೆಲ್‌ವುಡ್ 1917ರಲ್ಲಿ ಈ ವಿಷಯದ ಮೇಲೊಂದು ಗ್ರಂಥವನ್ನೇ ಬರೆದನು. ಅಮೆರಿಕದ ಸ್ಯಾಮುಯೆಲ್ ಆರ್ಟನ್ 1925ರಿಂದ ಮೊದಲುಗೊಂಡು ಇದನ್ನು ಕಣ್ಣಿನ ದೋಷವೆಂಬ ಭಾವನೆಯಿಂದ ಬಿಡಿಸಿ, ಮಿದುಳು ಮತ್ತು ಭಾಷೆಗಳ ಸಂಬಂಧದ ಕಡೆಗೆ ತಿರುಗಿಸಿದನು.

ಈಗಿನ ತಿಳಿವಳಿಕೆಯ ಪ್ರಕಾರ ತೊಡಕಿನ ಮೂಲವು ಬಹುಪಾಲು ಧ್ವನಿವಿವೇಚನೆಯಲ್ಲಿದೆ. ಎಂದರೆ, ಹೊಳೆಯಂತೆ ಹರಿದುಬರುವ ಮಾತನ್ನು ಧ್ವನಿಗಳಾಗಿ ಒಡೆದು, ಒಂದೊಂದು ಧ್ವನಿಯನ್ನೂ ಒಂದೊಂದು ಲಿಪಿಚಿಹ್ನೆಗೆ ಕ್ಷಣಮಾತ್ರದಲ್ಲಿ ಗಂಟುಹಾಕುವ ಸಾಮರ್ಥ್ಯದಲ್ಲಿದೆ. ಇದು ಕಿವಿ ಮಂದವಾಗಿರುವುದಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿದ ಕಾಯಿಯನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ, ಒಳಗಿನ ಕೊಬ್ಬರಿಯು ಚಿಪ್ಪನ್ನು ಬಿಟ್ಟಿದೆಯೋ ಇನ್ನೂ ಕಚ್ಚಿಕೊಂಡಿದೆಯೋ ಎಂಬುದನ್ನು ಸಪ್ಪಳದಿಂದಲೇ ತಪ್ಪದೆ ಹೇಳಬಲ್ಲ ಹುಡುಗನೇ, 'ಕಮಲ' ಎಂಬ ಮಾತಿನಿಂದ ನಡುವಣ ಅಕ್ಷರವನ್ನು ತೆಗೆದುಬಿಟ್ಟರೆ ಉಳಿಯುವುದೇನೆಂದು ಕೇಳಿದಾಗ ತಬ್ಬಿಬ್ಬಾಗಬಹುದು. ಏಕೆಂದರೆ ಮೊದಲನೆಯದು ಕಿವಿಯ ಕೆಲಸ, ಎರಡನೆಯದು ಕಿವಿ ತಂದುಕೊಟ್ಟುದನ್ನು ಮನಸ್ಸಿನಲ್ಲಿ ಹಿಡಿದು ಸೀಳುವ ಭಾಷಾವ್ಯಾಪಾರದ ಕೆಲಸ. ಓದುವಾಗ ಮಿದುಳಿನ ಎಡಭಾಗದ ಕೆಲವು ನೆಲೆಗಳು ಇಂಥವರಲ್ಲಿ ಉಳಿದವರಿಗಿಂತ ಭಿನ್ನವಾಗಿ ವರ್ತಿಸುವುದನ್ನು ಚಿತ್ರಣಯಂತ್ರಗಳು ತೋರಿಸಿವೆ. 2001ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವು ಇಟಲಿ, ಫ್ರಾನ್ಸ್, ಇಂಗ್ಲೆಂಡುಗಳ ಓದುಗರಲ್ಲಿ ಲಿಪಿಯ ರೂಢಿ ಬೇರೆಯಾದರೂ ಮಿದುಳಿನ ಈ ಲಕ್ಷಣ ಒಂದೇ ಎಂದು ಕಂಡಿತು. ತೊಡಕು ವಂಶದಲ್ಲಿ ಹರಿದುಬರುವುದೂ ನಿಶ್ಚಿತ. ಲಕ್ಷಣವನ್ನು ಎಷ್ಟು ಬಿಗಿಯಾಗಿ ಅಳೆಯುತ್ತೇವೆಂಬುದರ ಮೇಲೆ ಸಂಖ್ಯೆ ಬದಲಾಗುವುದಾದರೂ, ನೂರು ಮಕ್ಕಳಲ್ಲಿ 5ರಿಂದ 10 ಮಂದಿಯಲ್ಲಿ ಇದು ಇರುವುದೆಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು.

ಕನ್ನಡದ ಲಿಪಿಯು ಈ ತೊಡಕಿಗೆ ಒಂದು ವಿಶೇಷ ರೂಪವನ್ನು ಕೊಡುತ್ತದೆ. ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿ ನಮ್ಮದೆಂದು ನಾವು ಹೆಮ್ಮೆಪಡುವುದು ಸರಿಯೇ. ಇಂಗ್ಲಿಷಿನಲ್ಲಿ ಒಂದೇ ಅಕ್ಷರವು ನಾಲ್ಕು ಬಗೆಯಾಗಿ ನುಡಿಯುವ ಸಂಕಟ ನಮ್ಮ ಮಕ್ಕಳಿಗಿಲ್ಲ. ಆದರೆ 34 ವ್ಯಂಜನಗಳು ಒಂದೊಂದೂ ಕಾಗುಣಿತವನ್ನು ಹೊಂದಿದಾಗ 400ಕ್ಕೂ ಮಿಕ್ಕ ರೂಪಗಳಾಗುತ್ತವೆ. ಒತ್ತಕ್ಷರಗಳು ಅದರ ಮೇಲೆ. ಮ, ವ, ಯಗಳು ಒಂದೇ ಮನೆಯ ಮಕ್ಕಳಂತಿವೆ. ರ ಎಂಬುದಕ್ಕೆ ಹೊಟ್ಟೆಯಲ್ಲೊಂದು ಚುಕ್ಕೆಯಿಟ್ಟರೆ ಠ. ದ, ಧ, ಥಗಳ ಭೇದ ಒಂದು ಸೀಳು, ಒಂದು ಚುಕ್ಕೆ. 'ಶಕ್ತಿ' ಎಂದು ಬರೆದಾಗ ಗುಡಿಸು ನಿಲ್ಲುವುದು ಕಕಾರದ ತಲೆಯ ಮೇಲೆ, ಅದರ ಉಚ್ಚಾರಣೆಯಾಗುವುದು ಕೆಳಗಿನ ತಕಾರದ ಬೆನ್ನಿಗೆ. 'ಸೂರ್ಯ' ಎಂಬಲ್ಲಿ ಮೊದಲು ನುಡಿಯುವ ರೇಫೆಯು ಅರ್ಕಾವತ್ತಾಗಿ, ಒಂಬತ್ತರ ಅಂಕಿಯ ಹಾಗೆ, ಯಕಾರದ ಹಿಂದೆ ಬಂದು ಕೂರುತ್ತದೆ. ನುಡಿಯುವ ಕ್ರಮಕ್ಕೂ ಬರೆಯುವ ಕ್ರಮಕ್ಕೂ ಇರುವ ಈ ವ್ಯತ್ಯಾಸವನ್ನು ಸಾಮಾನ್ಯ ಮಗುವು ರೂಢಿಯಿಂದ ನುಂಗಿಕೊಳ್ಳುತ್ತದೆ. ಡಿಸ್ಲೆಕ್ಸಿಯವಿರುವ ಮಗುವು ಅಲ್ಲಿಯೇ ಎಡವಿ ನಿಲ್ಲುತ್ತದೆ. ಕನ್ನಡದ ಆರಂಭಿಕ ಓದನ್ನು ಕುರಿತು ಸೋನಾಲಿ ನಾಗ್ ಅವರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ನಮ್ಮ ಅಕ್ಷರಸಮೂಹ ಪೂರ್ಣವಾಗಿ ಕೈವಶವಾಗಲು ನಾಲ್ಕನೆಯ ತರಗತಿಯೂ ಸಾಲದೆಂದೂ, ಅಕ್ಷರವನ್ನು ಸ್ವರವ್ಯಂಜನಗಳಾಗಿ ಒಡೆದು ಕಾಣುವ ಅರಿವು ಮೆಲ್ಲಮೆಲ್ಲನೆ ಬರುವುದೆಂದೂ ತೋರಿಸಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರೇಮಾ ಅವರು ಕನ್ನಡದ ಓದನ್ನು ಅಳೆಯುವ ಪರೀಕ್ಷಾಕ್ರಮವನ್ನು ರೂಪಿಸಿದರು. ಪರಭಾಷೆಯ ಅಳತೆಗೋಲಿನಿಂದ ಕನ್ನಡದ ಮಗುವನ್ನು ಅಳೆಯುವ ಅನ್ಯಾಯ ಇಂಥ ಕೆಲಸಗಳಿಂದ ಕಡಿಮೆಯಾಯಿತು.

ಕನ್ನಡದಲ್ಲಿ ಈ ಮಗುವು ತಪ್ಪು ಓದುವುದಕ್ಕಿಂತ ಹೆಚ್ಚಾಗಿ ನಿಧಾನವಾಗಿ ಓದುತ್ತದೆ. ಒಂದೊಂದೇ ಅಕ್ಷರವನ್ನು ಕೂಡಿಸಿ ಕೂಡಿಸಿ ವಾಕ್ಯದ ಕೊನೆಗೆ ಬರುವ ವೇಳೆಗೆ ಅದರ ಮೊದಲು ಮರೆತಿರುತ್ತದೆ. ಹಳ್ಳಿಯ ಶಾಲೆಯಲ್ಲಿ ಇದು ಹೇಗೋ ಮುಚ್ಚಿಹೋಗುವುದುಂಟು. ಅದೇ ಮಗುವನ್ನು ಒಳ್ಳೆಯದಾಗಲೆಂದು ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದ ವರ್ಷ, ಅಲ್ಲಿಯವರೆಗೆ ಕುಂಟುತ್ತ ನಡೆದ ಓದು ಒಮ್ಮೆಗೇ ಕುಸಿಯುತ್ತದೆ. ಕೊಬ್ಬರಿಯ ಬೆಲೆ ಏರಿದ ವರ್ಷ ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಸಾಲ ಮಾಡಿಯಾದರೂ ಶುಲ್ಕ ಕಟ್ಟಿದ ತಂದೆಗೆ ಮಗನ ಅಂಕಪಟ್ಟಿಯು ಕೃತಘ್ನತೆಯಂತೆ ಕಾಣುವುದು ಸಹಜ. ಮಗನಿಗಾದರೋ ಅದು ತನ್ನ ಕೈಮೀರಿದ ಸಂಗತಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ತುಮಕೂರು ಸೀಮೆಯ ಆಡುಮಾತಿನಲ್ಲಿ ಹಕಾರ ಬಹಳಮಟ್ಟಿಗೆ ಲೋಪವಾಗುತ್ತದೆ, ಮಹಾಪ್ರಾಣಗಳು ಅಲ್ಪಪ್ರಾಣಗಳಾಗಿ ನುಡಿಯುತ್ತವೆ. 'ಹಾಲು' ಎಂಬುದನ್ನು 'ಆಲು' ಎಂದೂ, 'ಭೂಮಿ'ಯನ್ನು 'ಬೂಮಿ' ಎಂದೂ ಬರೆದ ಮಗುವು ತಾನು ಮನೆಯಲ್ಲಿ ಕೇಳಿದ ಮಾತನ್ನು ನಿಷ್ಠೆಯಿಂದ ಬರೆದಿದೆಯೇ ಹೊರತು ಅದು ಡಿಸ್ಲೆಕ್ಸಿಯದ ಗುರುತಲ್ಲ. ಮಹಾಪ್ರಾಣಗಳು ಕನ್ನಡಿಗರ ನಾಲಗೆಗೆ ಸೇರಿದವಲ್ಲವಾದ್ದರಿಂದ ಬರಹದಿಂದಲೂ ಅವನ್ನು ಬಿಡಬೇಕೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು ಸರ್ವವಿದಿತ. ಆ ವಾದವನ್ನು ಒಪ್ಪದವರೂ ಮಗುವಿನ ಇಂಥ ತಪ್ಪನ್ನು ಬೇರೆಯಾಗಿಯೇ ಎಣಿಸಬೇಕು. ಹಾಗೆಯೇ ಹೆಚ್ಚು ಗೈರುಹಾಜರಿ, ಕಾಣದ ಕಣ್ಣು, ಸೋರುವ ಕಿವಿ, ರಕ್ತಹೀನತೆ, ಕಲಿಸದೆ ಹೋದ ಪಾಠ ಇವುಗಳಿಂದಲೂ ಓದು ಹಿಂದುಳಿಯಬಹುದು. ಡಿಸ್ಲೆಕ್ಸಿಯದ ಗುರುತುಗಳು ಬೇರೆ: ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರು ಬಗೆಯಾಗಿ ಬರೆಯುವುದು. ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತ, ಬೆರಳನ್ನು ಮಾತ್ರ ಬೇರೆ ಸಾಲಿನ ಮೇಲಿಟ್ಟಿರುವುದು. ಹಲಗೆಯ ಮೇಲಿನದನ್ನು ನಕಲು ಮಾಡುವುದರೊಳಗೆ ಗಂಟೆ ಹೊಡೆದುಬಿಡುವುದು. ಮಗ್ಗಿಯ ಕ್ರಮವೂ ವಾರದ ದಿನಗಳ ಕ್ರಮವೂ ಎಷ್ಟು ಸಲ ಹೇಳಿಕೊಟ್ಟರೂ ಜಾರಿಹೋಗುವುದು. ಇವು ಮೂರನೆಯ ತರಗತಿಯ ಬಳಿಕವೂ ಜೊತೆಗೂಡಿ ಕಂಡಾಗ, ಅದರಲ್ಲಿಯೂ ತಂದೆಯೋ ಸೋದರಮಾವನೋ ಹೀಗೆಯೇ ಶಾಲೆ ಬಿಟ್ಟವರಾಗಿದ್ದಾಗ, ಸಂಶಯಕ್ಕೆ ಕಾರಣವುಂಟು. ಶಾಲೆಯ ವೇಳೆಗೆ ಸರಿಯಾಗಿ ಬರುವ ಹೊಟ್ಟೆನೋವನ್ನು ಹಲವು ತಾಯಂದಿರು ಬಲ್ಲರು. ಅದು ನಟನೆಯಲ್ಲ, ಭಯದ ನೋವು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಡಿಸ್ಲೆಕ್ಸಿಯವು ಕಣ್ಣಿಗೆ ಬೀಳದಿರುವುದಕ್ಕೆ ಈ ಸೀಮೆಯದೇ ಆದ ಒಂದು ಕಾರಣವಿದೆ. ಉಂಡೆಕೊಬ್ಬರಿಯ ಮಾರುಕಟ್ಟೆಗೆ ಹೆಸರಾದ, ಕಲ್ಪತರು ನಾಡೆಂದು ಕರೆಸಿಕೊಳ್ಳುವ ಈ ಪ್ರದೇಶದಲ್ಲಿ ಓದು ಹತ್ತದ ಹುಡುಗನನ್ನು ತೋಟವು ಎರಡು ಕೈ ಚಾಚಿ ಬರಮಾಡಿಕೊಳ್ಳುತ್ತದೆ. 'ಓದದಿದ್ದರೇನು, ತೋಟ ಇದೆಯಲ್ಲ' ಎಂಬ ಮಾತಿನಲ್ಲಿ ವಾತ್ಸಲ್ಯವಿದೆ. ಹುಡುಗನೂ ಅಲ್ಲಿ ಅರಳುತ್ತಾನೆ. ಯಾವ ಮರ ಹೊಂಬಾಳೆ ಬಿಟ್ಟಿದೆ, ಯಾವುದರ ಗೊನೆಯಲ್ಲಿ ನುಸಿ ಬಿದ್ದಿದೆ, ಯಾವ ಮರದ ಕಾಂಡ ಸೋರುತ್ತಿದೆ ಎಂಬುದು ಅವನಿಗೆ ಪುಸ್ತಕವಿಲ್ಲದೆ ನೆನಪಿನಲ್ಲಿರುತ್ತದೆ. ನೀರು ಎತ್ತಣಿಂದ ಎತ್ತ ಹರಿಯಬೇಕೆಂಬುದನ್ನು ನೆಲವನ್ನು ನೋಡಿಯೇ ಹೇಳುತ್ತಾನೆ. ಕೆಟ್ಟ ಪಂಪುಸೆಟ್ಟನ್ನು ಬಿಚ್ಚಿ ಜೋಡಿಸುತ್ತಾನೆ. ಆದರೆ ಈ ಆಶ್ರಯವೇ ಒಂದು ಮರೆಯೂ ಆಗಿದೆ. ಕಲಿಸಿದ್ದರೆ ಓದಬಹುದಾಗಿದ್ದ ಹುಡುಗನಿಗೆ ಕಲಿಸುವ ಪ್ರಯತ್ನವೇ ನಡೆಯದೆ ಹೋಗುತ್ತದೆ. ತೋಟವಿಲ್ಲದ ಕೂಲಿಕಾರರ ಮಗನಿಗೆ ಈ ಆಶ್ರಯವೂ ಇಲ್ಲ. ಹೆಣ್ಣುಮಗುವಿನ ಸ್ಥಿತಿ ಇನ್ನೂ ಕಠಿನ: ಸದ್ದಿಲ್ಲದೆ ಹಿಂದಿನ ಸಾಲಿನಲ್ಲಿ ಕುಳಿತು, ದುಂಡಗೆ ನಕಲು ಮಾಡುತ್ತ, ಯಾರಿಗೂ ತೊಂದರೆ ಕೊಡದೆ ಏಳನೆಯ ತರಗತಿಯನ್ನು ಮುಟ್ಟುವ ಅವಳು, ಹತ್ತರಲ್ಲಿ ನಪಾಸಾದ ವರ್ಷವೇ ಮದುವೆಯ ಮಾತಿಗೆ ಸಿಕ್ಕಿಬೀಳುತ್ತಾಳೆ. ಇದೇ ಸೀಮೆ ಕನ್ನಡದ ದೊಡ್ಡ ವಿದ್ವಾಂಸರನ್ನೂ ಕೊಟ್ಟಿದೆ: ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ ಸಂಪಿಗೆ ಗ್ರಾಮ ತುರುವೇಕೆರೆ ತಾಲ್ಲೂಕಿನದು, ತೀ. ನಂ. ಶ್ರೀಕಂಠಯ್ಯನವರ ತೀರ್ಥಪುರ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ಅಕ್ಷರವಿದ್ಯೆಗೆ ಇಷ್ಟು ಮನ್ನಣೆಯಿರುವ ಸೀಮೆಯಲ್ಲಿ ಅಕ್ಷರ ಹತ್ತದ ಮಗುವಿನ ಲಜ್ಜೆಯೂ ಅಷ್ಟೇ ದೊಡ್ಡದು.

ಡಿಸ್ಲೆಕ್ಸಿಯವು ಒಂದು ವರವೆಂಬ ವಾದವು ಈಚಿನದು. ಥಾಮಸ್ ವೆಸ್ಟ್ 1991ರಲ್ಲಿ ಬರೆದ ಗ್ರಂಥವು ದೃಶ್ಯಚಿಂತನೆಗೂ ಓದಿನ ತೊಡಕಿಗೂ ಸಂಬಂಧವನ್ನು ಕಲ್ಪಿಸಿತು. ಸ್ವತಃ ಈ ತೊಡಕನ್ನು ಅನುಭವಿಸಿದ ರೊನಾಲ್ಡ್ ಡೇವಿಸ್ 1994ರಲ್ಲಿ ಪ್ರಕಟಿಸಿದ ಗ್ರಂಥವು ತನ್ನ ಹೆಸರಿನಲ್ಲಿಯೇ ಇದನ್ನು ವರವೆಂದು ಕರೆದು, ಪದಗಳನ್ನು ಜೇಡಿಮಣ್ಣಿನಲ್ಲಿ ರೂಪಿಸಿ ಕಲಿಯುವ ಕ್ರಮವನ್ನು ಸಾರಿತು. ಬ್ರಾಕ್ ಮತ್ತು ಫರ್ನೆಟ್ ಐಡ್ ದಂಪತಿಗಳು 2011ರಲ್ಲಿ ಇದೇ ದಾರಿಯಲ್ಲಿ ಮುಂದುವರಿದರು. ಇರಲಾರದ ಆಕೃತಿಗಳನ್ನು, ಎಂದರೆ ಕಾಗದದ ಮೇಲೆ ಗೀಚಬಹುದಾದರೂ ಲೋಕದಲ್ಲಿ ಕಟ್ಟಲಾಗದ ರೂಪಗಳನ್ನು, ಡಿಸ್ಲೆಕ್ಸಿಯವಿರುವವರು ಉಳಿದವರಿಗಿಂತ ಬೇಗ ಗುರುತಿಸುವರೆಂದು 2003ರ ಒಂದು ಪ್ರಯೋಗ ಕಂಡಿತು; ಬೇರೆ ಪ್ರಯೋಗಗಳು ಅಂಥ ಮೇಲ್ಮೆಯನ್ನು ಎಲ್ಲ ಕಡೆಯೂ ಕಾಣಲಿಲ್ಲ. 2009ರ ವೈದ್ಯಶಾಸ್ತ್ರದ ನೊಬೆಲ್ ಪಡೆದವರಲ್ಲೊಬ್ಬರಾದ ಕ್ಯಾರಲ್ ಗ್ರೈಡರ್, 2017ರ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲೊಬ್ಬರಾದ ಜಾಕ್ ದ್ಯುಬೊಶೆ ಇಬ್ಬರೂ ತಮ್ಮ ಬಾಲ್ಯದ ಓದಿನ ತೊಡಕನ್ನು ಬಹಿರಂಗವಾಗಿ ಹೇಳಿಕೊಂಡವರು. ಲಿಯೊನಾರ್ಡೊ, ಐನ್‌ಸ್ಟೈನ್ ಮೊದಲಾದವರನ್ನು ಈ ಪಟ್ಟಿಗೆ ಸೇರಿಸುವ ರೂಢಿಗೆ ಮಾತ್ರ ಗಟ್ಟಿಯಾದ ಆಧಾರವಿಲ್ಲ.

ವರವೆಂಬ ಮಾತನ್ನು ಎರಡು ಅರ್ಥದಲ್ಲಿ ಹೇಳಬಹುದು. ತೊಡಕಿರುವ ಪ್ರತಿಯೊಂದು ಮಗುವಿಗೂ ದೈವವು ಬೇರೊಂದು ಅಸಾಧಾರಣ ಶಕ್ತಿಯನ್ನು ಬದಲಿಗೆ ಕೊಟ್ಟಿರುತ್ತದೆಂಬುದು ಒಂದು ಅರ್ಥ. ಇದನ್ನು ನಂಬಲು ಪ್ರಮಾಣ ಸಾಲದು, ಮತ್ತು ಚಿತ್ರವನ್ನೂ ಬರೆಯಲಾರದ, ಯಂತ್ರವನ್ನೂ ಬಿಚ್ಚಲಾರದ ಸಾಮಾನ್ಯ ಮಗುವಿಗೆ ಇದರಿಂದ ಎರಡನೆಯ ಸೋಲಿನ ಭಾರವನ್ನು ಹೊರಿಸಿದಂತಾಗುತ್ತದೆ. 2007ರಲ್ಲಿ ಬಂದ 'ತಾರೆ ಜಮೀನ್ ಪರ್' ಚಲನಚಿತ್ರವು ಡಿಸ್ಲೆಕ್ಸಿಯ ಎಂಬ ಹೆಸರನ್ನು ನಮ್ಮ ಸಣ್ಣ ಊರುಗಳಿಗೂ ಮುಟ್ಟಿಸಿ ಮಹದುಪಕಾರ ಮಾಡಿತು. ಆದರೆ ಅದರ ಬಾಲಕ ಅದ್ಭುತ ಚಿತ್ರಕಾರನಾದುದರಿಂದ, ಇಂಥ ಮಗುವಿನಲ್ಲಿ ಕಲೆಯಿರಲೇಬೇಕೆಂಬ ಭ್ರಮೆಯೂ ಅದರೊಡನೆ ಬಂದಿತು. ಎರಡನೆಯ ಅರ್ಥವು ಹೆಚ್ಚು ಸರಳ, ಹೆಚ್ಚು ಸತ್ಯ: ಓದುವ ಶಕ್ತಿಯೂ ತಿಳಿಯುವ ಶಕ್ತಿಯೂ ಒಂದೇ ಅಲ್ಲ, ಮೊದಲನೆಯದರಲ್ಲಿ ತೊಡಕಿರುವಾಗ ಎರಡನೆಯದು ತನ್ನ ದಾರಿಯನ್ನು ತಾನೇ ಹುಡುಕಿಕೊಂಡು, ರೂಢಿಯ ಓದುಗರಿಗೆ ಅಭ್ಯಾಸವಾಗದ ಕೆಲವು ಬಗೆಗಳಲ್ಲಿ ನೋಡಲು, ನೆನೆಯಲು, ಹೊಂದಿಸಲು ಕಲಿತಿರುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಜನರು ಉದ್ದೇಶಪಟ್ಟು ಓದದೆಯೂ ಕಾವ್ಯದ ಬಳಕೆಯಲ್ಲಿ ಬಲಿತ ಮತಿಯುಳ್ಳವರೆಂದು ಹೊಗಳಿದೆ. ಓದಿಗೂ ಮತಿಗೂ ನಡುವೆ ಇರುವ ಭೇದವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಈ ಅರ್ಥದಲ್ಲಿ ವರವನ್ನು ಗುರುತಿಸುವುದು, ಓದನ್ನು ಕಲಿಸುವ ಹೊಣೆಯಿಂದ ಯಾರನ್ನೂ ಬಿಡುಗಡೆ ಮಾಡುವುದಿಲ್ಲ.

ಆ ಹೊಣೆಯ ಮುಖ್ಯಾಂಶವು ಕಲಿಸುವ ಕ್ರಮದಲ್ಲಿದೆ. ಆರ್ಟನ್ ಮತ್ತು ಅವನ ಸಹೋದ್ಯೋಗಿ ಆನಾ ಗಿಲ್ಲಿಂಗಮ್ 1930ರ ದಶಕದಲ್ಲಿ ರೂಪಿಸಿದ ವಿಧಾನದ ತಿರುಳು ಇಷ್ಟೆ: ಧ್ವನಿಯನ್ನು ಕಿವಿಯಿಂದ ಕೇಳಿ, ಬಾಯಿಂದ ನುಡಿದು, ಅಕ್ಷರವನ್ನು ಕಣ್ಣಿಂದ ಕಂಡು, ಬೆರಳಿನಿಂದ ಮುಟ್ಟಿ ತಿದ್ದಿ, ಈ ನಾಲ್ಕನ್ನೂ ಏಕಕಾಲದಲ್ಲಿ ಬೆಸೆಯುವುದು, ಸುಲಭದಿಂದ ಕಠಿನಕ್ಕೆ ಒಂದು ಮೆಟ್ಟಿಲನ್ನೂ ಹಾರದೆ ಏರುವುದು, ಕಲಿತುದನ್ನು ದಿನವೂ ಮತ್ತೆ ಮತ್ತೆ ಮುಟ್ಟುವುದು. ನಮ್ಮ ಕೂಲಿಮಠಗಳಲ್ಲಿ ಅಯ್ಯಗಳು ಮರಳನ್ನು ಹಾಸಿ, ಮಗುವಿನ ಬೆರಳನ್ನು ಹಿಡಿದು, ಅಕ್ಷರದ ಹೆಸರನ್ನು ಗಟ್ಟಿಯಾಗಿ ಹೇಳಿಸುತ್ತ ತಿದ್ದಿಸುತ್ತಿದ್ದ ಪದ್ಧತಿಯು ಇದಕ್ಕೆ ಎಷ್ಟು ಸಮೀಪವೆಂಬುದನ್ನು ವಿಶೇಷವಾಗಿ ಹೇಳಬೇಕಾಗಿಲ್ಲ. ಆ ಮಠಗಳ ಬೆತ್ತವನ್ನು ಬಿಟ್ಟು ಮರಳನ್ನು ಉಳಿಸಿಕೊಂಡಿದ್ದರೆ ನಮಗೆ ಲಾಭವಾಗುತ್ತಿತ್ತು. ಮೊರದಲ್ಲಿ ಹರಡಿದ ರಾಗಿ, ಹುಣಸೆಬೀಜ, ತೆಂಗಿನಗರಿಯ ಬಾಗುವ ಕಡ್ಡಿ ಇವೆಲ್ಲ ಪ್ರತಿ ಮನೆಯಲ್ಲಿಯೂ ದೊರೆಯುವ ಸಲಕರಣೆಗಳು. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿಯೇ ಕಲಿಸಬೇಕೆಂಬ ನಿರ್ಬಂಧವೂ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ನಲಿಕಲಿ ಪದ್ಧತಿಯು ರ, ಗ, ಸ, ದ, ಅ ಎಂಬ ಗುಂಪಿನಿಂದ ತೊಡಗಿ, ಮಗುವು ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಹತ್ತಲು ಅವಕಾಶ ಕೊಟ್ಟುದು ಇಂಥ ಮಕ್ಕಳಿಗೆ ಅನುಕೂಲವೇ ಆಯಿತು. ಒತ್ತಕ್ಷರಗಳಲ್ಲಿ ಅಮ್ಮ, ಅಕ್ಕ, ಹಳ್ಳ ಎಂಬ ಸಜಾತೀಯಗಳು ಗಟ್ಟಿಯಾದ ಮೇಲೆಯೇ ವಿಜಾತೀಯಗಳಿಗೆ ಹೋಗಬೇಕು. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸಬಾರದು. ಪ್ರತಿಯೊಂದು ಅಕ್ಷರದ ಮುಂದೆಯೂ ಕಕಾರವನ್ನು ಸೇರಿಸಿ ಮಕ್ಕಳು ಗುಟ್ಟಾಗಿ ಆಡುವ 'ಕ ಭಾಷೆ', ಎರಡನೆಯ ಅಕ್ಷರದ ಮೇಲೆ ನಿಲ್ಲುವ ನಮ್ಮ ಆದಿಪ್ರಾಸ, ಅಂತ್ಯಾಕ್ಷರಿ, ಇವೆಲ್ಲ ಧ್ವನಿವಿವೇಚನೆಗೆ ಸಾಣೆ ಹಿಡಿಯುವ ಆಟಗಳು; ಬಾಯಿಂದ ಆಡುವಾಗ ಅಕ್ಷರದ ಭಯ ಹತ್ತಿರ ಸುಳಿಯುವುದಿಲ್ಲ.

ತಪ್ಪಾದ ಪದವನ್ನು ನೂರು ಸಲ ಬರೆಸುವ ಶಿಕ್ಷೆಯು ನೂರು ಸಲ ತಪ್ಪನ್ನೇ ನೆಲೆಗೊಳಿಸುತ್ತದೆ. ಇಡೀ ತರಗತಿಯ ಮುಂದೆ ಎದ್ದುನಿಂತು ಓದೆಂದು ಹಠಾತ್ತನೆ ಹೇಳುವುದು ಕ್ರೌರ್ಯ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ, ಟಾನಿಕ್ಕುಗಳಿಂದ ಗುಣವಾಗುವುದೆಂಬ ಮಾತಿಗೆ ಪ್ರಮಾಣವಿಲ್ಲ; ಡಿಸ್ಲೆಕ್ಸಿಯಕ್ಕೆ ಔಷಧವಿಲ್ಲ, ಬೋಧನೆಯೇ ಉಪಾಯ. ವಿಜ್ಞಾನ ಸಮಾಜಪಾಠಗಳನ್ನು ಅಕ್ಕನೋ ಅಜ್ಜನೋ ಓದಿಹೇಳಲಿ, ಮೊಬೈಲು ಕನ್ನಡವನ್ನು ಓದಿಹೇಳಲಿ. ಓದು ನಿಧಾನವೆಂಬ ಕಾರಣದಿಂದ ತಿಳಿವಳಿಕೆಯೂ ನಿಧಾನವಾಗಬೇಕಾಗಿಲ್ಲ.

ಸಂಶಯ ಬಂದಾಗ ಮೊದಲು ಹೋಗಬೇಕಾದುದು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ; ಅಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿಯೂ ಕಲಿಕೆಯ ತೊಂದರೆ ಸೇರಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದು, ತಾನು ಮಾನ್ಯಮಾಡಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಮೊದಲ ಬಾರಿಗೆ ಸೇರಿಸಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಲಿಪಿಕಾರ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ, ಇವುಗಳನ್ನು ಆ ಕಾಯಿದೆ ಹೆಸರಿಸಿಯೇ ಹೇಳಿದೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಸಮುಚ್ಚಯವನ್ನು 2018ರ ಕೇಂದ್ರ ಮಾರ್ಗಸೂಚಿಯು ಅಳತೆಗೆ ಗೊತ್ತುಪಡಿಸಿತು. ಆ ಮಾರ್ಗಸೂಚಿಯಂತೆ 8 ವರ್ಷ ತುಂಬಿದ ಮಗುವಿಗೆ ಪ್ರಮಾಣಪತ್ರ ದೊರೆತು, 14ರಲ್ಲಿಯೂ 18ರಲ್ಲಿಯೂ ಮತ್ತೆ ಪರೀಕ್ಷೆಯಾಗಬೇಕಾಗಿತ್ತು. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರು. ಒಂದು ದಿನದ ಕೂಲಿಯನ್ನು ಬಿಟ್ಟು, ಮುಂಜಾನೆಯ ರೈಲು ಹಿಡಿದು, ಒಂದಕ್ಕಿಂತ ಹೆಚ್ಚು ಸಲ ಹೋಗಿಬರಬೇಕಾದ ತಾಯಿಗೆ ಈ ಹಕ್ಕು ಇನ್ನೂ ದೂರದ್ದೇ. ಪ್ರಮಾಣಪತ್ರ ಬರಲೆಂದು ಬೋಧನೆಯನ್ನು ತಡೆಹಿಡಿಯುವುದಂತೂ ಸರ್ವಥಾ ಸಲ್ಲದು. ಮರಳಿನ ಮೇಲೆ ತಿದ್ದಿಸಲು ಯಾರ ಮುದ್ರೆಯೂ ಬೇಕಿಲ್ಲ.

ಶಾಲೆಯನ್ನು ಬಿಟ್ಟು ಬಹುಕಾಲವಾದ ವಯಸ್ಕರ ವಿಷಯದಲ್ಲಿ ವಿದ್ವಾಂಸರ ಗಮನ ಕಡಿಮೆ. ಸಾವಿರಾರು ಕಾಯಿಗಳ ಲೆಕ್ಕವನ್ನು ಮನಸ್ಸಿನಲ್ಲಿಯೇ ಹೊತ್ತು, ಮಾರುಕಟ್ಟೆಯ ಅಂಗಡಿಯಲ್ಲಿ ಕೊಬ್ಬರಿಯನ್ನು ಕೈಗೆತ್ತಿಕೊಂಡೊಡನೆ ಅದರ ದರ್ಜೆಯನ್ನು ಹೇಳಬಲ್ಲ ಐವತ್ತರ ಗೃಹಸ್ಥನು, ಪಹಣಿಯನ್ನೋ ಬ್ಯಾಂಕಿನ ಕಾಗದವನ್ನೋ ಕೈಗಿತ್ತರೆ 'ಕನ್ನಡಕ ಮರೆತು ಬಂದೆ' ಎಂದು ಪಕ್ಕದವನಿಗೆ ದಾಟಿಸುತ್ತಾನೆ. ಹರಾಜಿನ ಕೂಗು ಹೋಗಿ ಗಣಕಯಂತ್ರದ ಟೆಂಡರು ಬಂದ ಮೇಲೆ, ಮೊಬೈಲಿಗೆ ಬರುವ ಅಂಕಿಗಳನ್ನು ಓದಿಹೇಳಬೇಕಾಗಿ ಬಂದ ಮೇಲೆ, ಇಷ್ಟು ಕಾಲ ತೋಟವು ಮರೆಮಾಡಿದ್ದ ತೊಡಕು ಅವನ ಮುಂದೆ ಮತ್ತೆ ಬಂದು ನಿಂತಿದೆ. ಮಗುವಿಗೆ ಸಲ್ಲುವ ಬೋಧನಾಕ್ರಮವೇ ವಯಸ್ಕನಿಗೂ ಸಲ್ಲುತ್ತದೆ. ಪಠ್ಯಪುಸ್ತಕದ ಬದಲಿಗೆ ಅವನ ಹೆಸರು, ಊರಿನ ಹೆಸರು, ಪಹಣಿಯಲ್ಲಿ ಬರುವ ಪದಗಳು, ಮಾರುಕಟ್ಟೆಯ ಚೀಟಿಯ ಪದಗಳು ಪಾಠವಾಗಬೇಕು. ಮಗನಿಗೂ ಇದೇ ತೊಡಕಿರುವುದು ತಿಳಿದ ದಿನ, ನಲವತ್ತು ವರ್ಷಗಳ ಬಳಿಕ, ತಾನು ದಡ್ಡನಾಗಿರಲಿಲ್ಲವೆಂಬುದು ಇಂಥ ತಂದೆಗೆ ಮೊದಲ ಸಲ ತಿಳಿಯುವುದುಂಟು. ಕೆಲವರು ಅಂದಿನಿಂದ ಮಗನ ಪಕ್ಕದಲ್ಲಿ ಕುಳಿತು, ರಾಗಿ ಹರಡಿದ ಮೊರದ ಮೇಲೆ ತಾವೂ ಬೆರಳಿಡುತ್ತಾರೆ.